ಪಾದದ ಕೆಲಸವನ್ನು ಕಣ್ಣಿಗೆ ವಹಿಸುವುದು ಹೇಗೆ?

ನ್ಯೂರೋಪತಿ ಎಂದರೆ ನರ ಕೆಡುವುದು. ಅದರಿಂದ ಪಾದದಲ್ಲಿ ಉರಿ, ಚುಚ್ಚು ಇದ್ದವರು ಬೇಗ ವೈದ್ಯರ ಬಳಿ ಹೋಗುತ್ತಾರೆ. ನೋವೇ ಇಲ್ಲದೆ ಪಾದದ ಸ್ಪರ್ಶ ಮಂಕಾದವರು ಮಾತ್ರ ವಯಸ್ಸಿನ ಮೇಲೆ ಹಾಕಿ ವರ್ಷಗಟ್ಟಲೆ ತಳ್ಳುತ್ತಾರೆ. ಚಪ್ಪಲಿ ಕಳಚಿ ಹಿಂದೆ ಉಳಿದದ್ದು ನಾಲ್ಕು ಹೆಜ್ಜೆ ಹೋದ ಮೇಲೆ ಗೊತ್ತಾಗುವುದು, ಬರಿಗಾಲಲ್ಲಿದ್ದರೂ ಕಾಲುಚೀಲ ಹಾಕಿದಂತಿರುವುದು, ಮುಖ ತೊಳೆಯುವಾಗ ವಾಲುವುದು ಇದರ ಸಾಮಾನ್ಯ ಗುರುತುಗಳು.

ವಾಲುವುದೇಕೆ? ನೆಟ್ಟಗೆ ನಿಲ್ಲಲು ಮಿದುಳಿಗೆ ಮೂರು ಕಡೆಯಿಂದ ಸುದ್ದಿ ಬೇಕು: ಕಣ್ಣು, ಒಳಕಿವಿ, ಮತ್ತು ಪಾದ-ಕೀಲುಗಳ ನರ. ಮೂರನೆಯದು ಮಂಕಾದಾಗ ಕಣ್ಣು ಆ ಭಾರ ಹೊರುತ್ತದೆ. ಹಾಗಾಗಿ ಹಗಲಲ್ಲಿ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಕಣ್ಣು ಮುಚ್ಚಿದರೆ ಅಥವಾ ದೀಪ ಆರಿದರೆ ಮೈ ತೂಗುತ್ತದೆ. ಕಾಲು ಜೋಡಿಸಿ ನಿಲ್ಲಿಸಿ, ಕಣ್ಣು ಮುಚ್ಚಿಸಿ ವೈದ್ಯರು ಮಾಡುವ ಪರೀಕ್ಷೆಗೆ 19ನೆಯ ಶತಮಾನದ ಜರ್ಮನ್ ವೈದ್ಯ ರೋಂಬರ್ಗ್ ಅವರ ಹೆಸರಿದೆ. ಒಬ್ಬರೇ ಇರುವಾಗ ಇದನ್ನು ಮಾಡಿ ನೋಡಬೇಡಿ.

ಮೊದಲು ಕಾರಣ ಹುಡುಕಿಸಿ

ರಕ್ತದ ಸಕ್ಕರೆ, ಬಿ12, ಥೈರಾಯ್ಡ್ ಪರೀಕ್ಷೆ ಆಗಲಿ. ಮದ್ಯಪಾನದ ವಿಷಯ ಮುಚ್ಚಿಡಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡವರಲ್ಲಿ ಬಿ12 ಕುಸಿಯಬಹುದು, ಅದನ್ನೂ ಹೇಳಿ. 10 ಗ್ರಾಂ ಒತ್ತಡದ ನೈಲಾನ್ ಎಳೆ ಮತ್ತು 128 ಹರ್ಟ್ಸ್ ಶ್ರುತಿಕವೆಯಿಂದ (ಟ್ಯೂನಿಂಗ್ ಫೋರ್ಕ್) ಪಾದದ ಸ್ಪರ್ಶ, ಕಂಪನದ ಅರಿವು ಪರೀಕ್ಷಿಸಲು ಕೇಳಿ. ಎರಡೂ ಕೆಲವೇ ನಿಮಿಷದ ಕೆಲಸ. ‘ನರಕ್ಕೆ ಒಳ್ಳೆಯದು’ ಎಂದು ಕಂಡ ಕಂಡ ವಿಟಮಿನ್ ಮಾತ್ರೆ ನುಂಗಬೇಡಿ. ಬಿ6 ಅತಿಯಾದರೆ ಅದೇ ನರ ಕೆಡಿಸುತ್ತದೆ. ಮರಗಟ್ಟುವಿಕೆ ಕೆಲವೇ ದಿನಗಳಲ್ಲಿ ಮೇಲಕ್ಕೇರಿದರೆ, ಕಾಲಿನ ಬಲ ಹೋದರೆ, ಮೂತ್ರದ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಿ.

ಪಾದ ನೋಡುವುದು: ದಿನಕ್ಕೊಮ್ಮೆ, ಹೊತ್ತಿಗೆ ಸರಿಯಾಗಿ

ನೋವಾದಾಗ ನೋಡೋಣ ಎಂದರೆ ಆ ದಿನ ಬರುವುದೇ ಇಲ್ಲ. ರಾತ್ರಿ ಮಲಗುವ ಮುಂಚೆ ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ಹಿಮ್ಮಡಿ, ಬೆರಳ ಸಂದು, ಹೆಬ್ಬೆರಳಿನ ಬುಡ ನೋಡಿ. ಒಂದು ಕಾಲು ಇನ್ನೊಂದಕ್ಕಿಂತ ಬಿಸಿಯಾಗಿ, ಕೆಂಪಾಗಿ, ಊದಿಕೊಂಡಿದ್ದರೆ ನೋವಿಲ್ಲದಿದ್ದರೂ ತಡಮಾಡದೆ ವೈದ್ಯರಿಗೆ ತೋರಿಸಿ. ಬಿಳಿ ಕಾಲುಚೀಲವೇ ಇರಲಿ, ರಕ್ತದ ಕಲೆ ಕಾಣುತ್ತದೆ. ಆಣಿ ಕರಗಿಸುವ ಪಟ್ಟಿ ಅಂಟಿಸಬೇಡಿ. ಅದರಲ್ಲಿರುವ ಆಮ್ಲಕ್ಕೆ ಆಣಿ ಯಾವುದು, ಒಳ್ಳೆಯ ಚರ್ಮ ಯಾವುದು ಗೊತ್ತಾಗುವುದಿಲ್ಲ. ಸುಟ್ಟದ್ದು ನಿಮಗೂ ಗೊತ್ತಾಗುವುದಿಲ್ಲ. ಬಿಸಿನೀರಿನ ಚೀಲ, ಕಾಲು ಕಾಯಿಸುವ ಯಂತ್ರಗಳೂ ಬೇಡ.

ಶೂ

ಬೆರಳಿಗೆ ಸಿಗಿಸುವ ಚಪ್ಪಲಿ ಮನೆಯಿಂದಲೇ ಹೊರಗೆ ಹಾಕಿ. ಹಿಮ್ಮಡಿ ಹಿಡಿಯುವ, ಲೇಸ್ ಅಥವಾ ಪಟ್ಟಿ ಇರುವ ಶೂ ಬೇಕು. ಮೆತ್ತನೆಯದೇ ಒಳ್ಳೆಯದು ಎಂದು ದಪ್ಪ ಸ್ಪಂಜಿನ ಅಟ್ಟೆ ಕೊಳ್ಳುವವರೇ ಹೆಚ್ಚು. ಪಾದಕ್ಕೆ ಇನ್ನೂ ಚೂರುಪಾರು ಸ್ಪರ್ಶ ಉಳಿದಿದ್ದರೆ ಆ ಸ್ಪಂಜು ಅದನ್ನೂ ನುಂಗಿಬಿಡುತ್ತದೆ. ಅಟ್ಟೆ ತೆಳುವಾಗಿ, ಗಟ್ಟಿಯಾಗಿ, ಅಗಲವಾಗಿರಲಿ. ಹುಣ್ಣಾದವರ, ಪಾದದ ಆಕಾರ ಕೆಟ್ಟವರ ಲೆಕ್ಕ ಬೇರೆ, ಅವರು ತಜ್ಞರು ಹೇಳಿದ್ದನ್ನೇ ಹಾಕಲಿ. ಕೊಳ್ಳುವುದು ಸಂಜೆ, ಪಾದ ಊದಿರುವ ಹೊತ್ತಿನಲ್ಲಿ. ಹೊಸದನ್ನು ಮೊದಲ ದಿನ ಒಂದೇ ಗಂಟೆ ಹಾಕಿ, ಬಿಚ್ಚಿ, ಕೆಂಪು ಗುರುತು ಹುಡುಕಿ. ಪ್ರತಿ ಸಲ ಹಾಕುವ ಮುಂಚೆ ಶೂ ತಲೆಕೆಳಗೆ ಕೊಡವಿ. ಒಳಗಿನ ಸಣ್ಣ ಕಲ್ಲಿನ ಮೇಲೆ ಇಡೀ ದಿನ ನಡೆದವರಿದ್ದಾರೆ.

ಕಣ್ಣು ಕೈಕೊಡುವ ಹೊತ್ತು

ಎಚ್ಚರ ತಪ್ಪುವುದು ಇಲ್ಲೇ. ಮೆಟ್ಟಿಲಿನಲ್ಲಿ ಎಲ್ಲರೂ ಹುಷಾರಾಗಿರುತ್ತಾರೆ, ಬೇಸಿನ್ ಮುಂದೆ ಯಾರೂ ಇರುವುದಿಲ್ಲ.

ಮುಖ ತೊಳೆಯುವಾಗ ಪಾದಗಳ ನಡುವೆ ಒಂದು ಗೇಣು ಅಂತರ ಬಿಟ್ಟು, ಒಂದನ್ನು ತುಸು ಮುಂದಿಡಿ. ತೊಡೆ ಬೇಸಿನ್ ಅಂಚಿಗೆ ತಾಗಿರಲಿ. ಭಾರ ಹಾಕಬೇಡಿ, ತಾಗಿದರೆ ಸಾಕು. ಒಂದು ಕೈ ಅಂಚಿನ ಮೇಲೆ, ಇನ್ನೊಂದರಿಂದ ತೊಳೆಯಿರಿ. ಎರಡೂ ಕೈಯಲ್ಲಿ ನೀರೆರಚಿಕೊಂಡರೆ ಕಣ್ಣು ಮುಚ್ಚುತ್ತದೆ, ತಲೆ ಬಗ್ಗುತ್ತದೆ, ಕೈಯ ಆಸರೆಯೂ ಹೋಗುತ್ತದೆ: ಮೂರೂ ಒಂದೇ ಕ್ಷಣದಲ್ಲಿ. ಒದ್ದೆ ಬಟ್ಟೆಯಿಂದ ಅರ್ಧರ್ಧ ಮುಖ ಒರೆಸಿಕೊಂಡರೆ ಇನ್ನೂ ಒಳ್ಳೆಯದು. ಬೆರಳ ತುದಿ ಗೋಡೆಗೆ ಹಗುರವಾಗಿ ತಾಗಿದ್ದರೂ ತೂಗಾಟ ಕಡಿಮೆಯಾಗುತ್ತದೆ. ಪಾದ ಹೇಳದ ಸುದ್ದಿಯನ್ನು ಆಗ ಬೆರಳು ಹೇಳುತ್ತದೆ.

ತಲೆಸ್ನಾನ ಸ್ಟೂಲಿನ ಮೇಲೆ ಕೂತೇ ಆಗಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ನೀರಿನ ಬಿಸಿಯನ್ನು ಥರ್ಮಾಮೀಟರಿನಿಂದ ನೋಡಿ, 37 ಡಿಗ್ರಿ ಸೆಲ್ಸಿಯಸ್ ದಾಟದಿರಲಿ. ತಲೆಯ ಮೇಲಿಂದ ಹಾಕುವ ಅಂಗಿಯೂ ಅಷ್ಟೇ: ಮುಖ ಅದರೊಳಗಿದ್ದಷ್ಟು ಹೊತ್ತು ಕತ್ತಲೆ. ಕೂತು ತೊಡಿ. ಗೋಡೆಗೆ ಅಂಟಿಸುವ ರಬ್ಬರ್ ಬಟ್ಟಲಿನ ಹಿಡಿಕೆಗಳನ್ನು ನಂಬಬೇಡಿ, ಬೀಳುವಾಗ ಹಿಡಿದರೆ ಕಿತ್ತು ಕೈಗೇ ಬರುತ್ತವೆ. ಟವೆಲ್ ಸರಳೂ ಹಿಡಿಕೆಯಲ್ಲ. ಗೋಡೆ ಕೊರೆದು ಸ್ಕ್ರೂ ಬಿಗಿದದ್ದೇ ಬೇಕು.

ರಾತ್ರಿ ಏಳುವುದಕ್ಕೂ ಒಂದು ಕ್ರಮ ಇರಲಿ. ಮೊದಲು ದೀಪ, ಸ್ವಿಚ್ ಮಲಗಿದಲ್ಲಿಂದಲೇ ಕೈಗೆಟುಕಬೇಕು. ಆಮೇಲೆ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಪಾದ ಮೇಲೆ ಕೆಳಗೆ ಆಡಿಸಿ. ರಕ್ತದೊತ್ತಡ ಕಾಯುವ ನರಗಳೂ ಮಂಕಾಗಿದ್ದರೆ ಎದ್ದೊಡನೆ ತಲೆ ಸುತ್ತುತ್ತದೆ. ಎರಡೂ ಪಾದ ನೆಲದ ಮೇಲೆ ಸಪಾಟಾಗಿವೆಯೇ ಎಂದು ಕಣ್ಣಲ್ಲಿ ನೋಡಿ ಎದ್ದು, ಹತ್ತು ಎಣಿಸಿ, ಆಮೇಲೆ ಹೆಜ್ಜೆ ಇಡಿ. ತಿರುಗುವಾಗ ಒಂದೇ ಕಾಲಿನ ಮೇಲೆ ಗಿರಕ್ಕನೆ ತಿರುಗದೆ, ನಾಲ್ಕೈದು ಪುಟ್ಟ ಹೆಜ್ಜೆಯಲ್ಲಿ ಸುತ್ತಿ ಬನ್ನಿ.

ಮೂಲೆಯ ಅಭ್ಯಾಸ

ಗೋಡೆಗಳ ಮೂಲೆಗೆ ಬೆನ್ನು ಮಾಡಿ, ಮುಂದೆ ಗಟ್ಟಿ ಕುರ್ಚಿ ಇಟ್ಟುಕೊಳ್ಳಿ. ಮೊದಲು ಪಾದ ಜೋಡಿಸಿ 30 ಸೆಕೆಂಡ್. ಅದು ಸಲೀಸಾದರೆ ಒಂದು ಪಾದ ಅರ್ಧ ಮುಂದೆ. ಕೊನೆಗೆ ಒಂದರ ಹಿಂದೊಂದು. ಕಣ್ಣು ತೆರೆದು, ಎದುರಿನ ಒಂದು ಗುರುತು ನೋಡುತ್ತಿರಿ. ತಲೆ ನಿಧಾನವಾಗಿ ಎಡ-ಬಲ ತಿರುಗಿಸುವುದು ಆಮೇಲಿನ ಮಾತು, ಕಣ್ಣು ಮುಚ್ಚುವುದು ಫಿಸಿಯೋಥೆರಪಿಸ್ಟ್ ಪಕ್ಕದಲ್ಲಿದ್ದಾಗ ಮಾತ್ರ. ವಾರಕ್ಕೆ ಮೂರು ದಿನವಾದರೂ ಮಾಡಿ. ಇದರಿಂದ ಪಾದಕ್ಕೆ ಸ್ಪರ್ಶ ಮರಳುವುದಿಲ್ಲ; ಉಳಿದ ಎರಡು ದಾರಿ ಚುರುಕಾಗುತ್ತವೆ.

ಊರುಗೋಲಿನ ಹಿಡಿ, ಶೂ ಹಾಕಿ ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆಯ ಎತ್ತರಕ್ಕೆ ಬರಬೇಕು. ಒಂದು ಕಾಲು ದುರ್ಬಲವಾಗಿದ್ದರೆ ಕೋಲು ಎದುರು ಕೈಯಲ್ಲಿ. ತುದಿಯ ರಬ್ಬರ್ ಸವೆದರೆ ಬದಲಿಸಿ.

ವಾಹನ ಓಡಿಸುವವರು ಬ್ರೇಕ್ ಎಲ್ಲಿದೆ ಎಂದು ಪಾದ ನೋಡದೆ ಹೇಳಲಾಗದಿದ್ದರೆ ಕೀಲಿಯನ್ನು ಬೇರೆಯವರ ಕೈಗೆ ಕೊಡಿ. ಕೈಯಿಂದಲೇ ಬ್ರೇಕ್, ವೇಗ ನಿಯಂತ್ರಿಸುವ ಜೋಡಣೆಗಳಿವೆ, ಆದರೆ ಅವನ್ನು ಕಲಿತ ಮೇಲೆಯೇ ರಸ್ತೆಗೆ ಇಳಿಯಿರಿ.