ಮಳೆಗೆ ಮೊದಲೇ ಗೇಟಿನ ಕಂಬಕ್ಕೆ ಎರಡು ಗೆರೆ ಎಳೆಯಿರಿ

ಭಾರಿ ಮಳೆ ಬರುತ್ತದೆ ಅಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಮುಂಬಾಗಿಲಿಗೆ. ನಾನೂ ಒಮ್ಮೆ ಹೊಸ್ತಿಲಿಗೆ ಮರಳು ಚೀಲ ಒಟ್ಟಿ, ಸಂದಿಗೆಲ್ಲ ಹಳೇ ಬಟ್ಟೆ ತುರುಕಿ ನೆಮ್ಮದಿಯಾಗಿ ಮಲಗಿದ್ದೆ. ಮಧ್ಯರಾತ್ರಿ ಬಚ್ಚಲಿನಿಂದ ಗುಳುಗುಳು ಸದ್ದು. ಹೋಗಿ ನೋಡಿದರೆ, ನೀರು ಹೊರಗೆ ಹೋಗಬೇಕಾದ ತೂತಿನಿಂದಲೇ ಕಪ್ಪು ನೀರು ಮೇಲೇಳುತ್ತಿತ್ತು. ಬೀದಿಯ ಚರಂಡಿ ತುಂಬಿದಾಗ ಅಲ್ಲಿನ ನೀರು ಕೊಳವೆಯೊಳಗೆ ಹಿಮ್ಮುಖವಾಗಿ ಹರಿದು ಮನೆಗೇ ಬರುತ್ತದೆ.

ಹಾಗಾಗಿ ಮೊದಲು ನೋಡಬೇಕಾದ್ದು ನೀರು ಹೋಗುವ ದಾರಿ. ತಾರಸಿಯಿಂದಲೇ ಶುರು ಮಾಡಿ. ಒಂದು ಚದರ ಮೀಟರ್ ಜಾಗಕ್ಕೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು. 100 ಚದರ ಮೀಟರ್ ತಾರಸಿಗೆ 100 ಮಿಲಿಮೀಟರ್ ಸುರಿದರೆ 10,000 ಲೀಟರ್! ಅದೆಲ್ಲ ಇಳಿಯಬೇಕಾದ್ದು ಒಂದೆರಡು ಕೊಳವೆಯಲ್ಲಿ. ಕೊಳವೆ ಬಾಯಿಗೆ ನಾಲ್ಕು ಒಣ ಎಲೆ, ಒಂದು ಪ್ಲಾಸ್ಟಿಕ್ ಕವರ್ ಅಂಟಿಕೊಂಡರೆ ಮುಗೀತು. ಬಿಸಿಲಿರುವಾಗಲೇ ಕಸ ತೆಗೆದು, ಒಂದು ಬಕೆಟ್ ನೀರು ಸುರಿದು ನೋಡಿ. ಸುಳಿ ಸುತ್ತಿ ಸರಸರ ಇಳಿದರೆ ಸರಿ. ನಿಂತುಕೊಂಡರೆ ಒಳಗೆಲ್ಲೋ ಕಟ್ಟಿಕೊಂಡಿದೆ ಅಂತಲೇ ಅರ್ಥ. ಮಳೆ ಸುರಿಯುವಾಗ ಹತ್ತಿ ತೆಗೆಯೋಣ ಅನ್ನಬೇಡಿ, ಜಾರಿ ಬೀಳುವುದು ಆಗಲೇ.

ಬಚ್ಚಲಿನ ತೂತಿಗೆ ಮತ್ತು ಕಮೋಡಿಗೆ ಇಡಲು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಮರಳು ತುಂಬಿಟ್ಟುಕೊಳ್ಳಿ. ಬಾಗಿಲಿಗೆ ಒಟ್ಟುವ ಚೀಲಗಳನ್ನು ಅರ್ಧಕ್ಕಿಂತ ತುಸು ಜಾಸ್ತಿ ತುಂಬಿದರೆ ಸಾಕು. ಬಿಗಿಯಾಗಿ ತುಂಬಿದ ಚೀಲ ಉಬ್ಬಿಕೊಂಡು ಪಕ್ಕದ ಚೀಲಕ್ಕೆ ಕೂಡುವುದೇ ಇಲ್ಲ. ಇಟ್ಟಿಗೆ ಕಟ್ಟುವ ಹಾಗೆ ಸಂದಿಯ ಮೇಲೆ ಚೀಲ ಬರುವಂತೆ ಇಟ್ಟು, ಕಾಲಲ್ಲಿ ತುಳಿದು ಕೂರಿಸಿ. ಆದರೂ ನೀರು ಜಿನುಗುತ್ತದೆ. ಚೀಲದಿಂದ ನಿಮಗೆ ಸಿಗುವುದು ಒಂದಷ್ಟು ಸಮಯ, ಅಷ್ಟೇ.

ಈಗ ಗೆರೆಯ ವಿಷಯ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಇದೇ. ನೀರು ಏರುವಾಗ ಮನೆಯಲ್ಲಿ ವಾದ ಶುರುವಾಗುತ್ತದೆ. ಒಬ್ಬರು ಹೊರಡೋಣ ಅಂತಾರೆ, ಇನ್ನೊಬ್ಬರು ಇನ್ನೊಂದು ಗಂಟೆ ನೋಡೋಣ ಅಂತಾರೆ. ಆ ಗಂಟೆಯೇ ಅಪಾಯದ್ದು. ಅದಕ್ಕೇ ಮುಂಚೆಯೇ ಗೇಟಿನ ಕಂಬಕ್ಕೆ ಬಣ್ಣದಲ್ಲಿ ಎರಡು ಗೆರೆ ಎಳೆದಿಡಿ. ಎರಡೂ ಹೊಸ್ತಿಲಿನ ಮಟ್ಟಕ್ಕಿಂತ ಕೆಳಗೇ ಇರಲಿ. ನೀರು ಮೊದಲ ಗೆರೆ ಮುಟ್ಟಿದರೆ ಸಾಮಾನು ಮೇಲೆ, ಕರೆಂಟ್ ಬಂದ್. ಎರಡನೆಯದನ್ನು ಮುಟ್ಟಿದರೆ ಹೊರಡುವುದು, ಮಾತಿಲ್ಲ. ಅಧಿಕಾರಿಗಳು ಹೊರಡಿ ಅಂದರೆ ಗೆರೆಗೂ ಕಾಯಬೇಡಿ.

ಎರಡನೇ ಗೆರೆ ಎಷ್ಟು ಎತ್ತರಕ್ಕೆ? ಅದನ್ನು ಹೇಳುವುದು ನಿಮ್ಮ ದಾರಿ. ಮನೆ ದಿಣ್ಣೆ ಮೇಲಿರಬಹುದು, ರಸ್ತೆ ತಗ್ಗಿನಲ್ಲಿ ಹಾದುಹೋಗಬಹುದು ಅಲ್ವಾ? ಒಣ ದಿನ ಆ ದಾರಿಯಲ್ಲಿ ಒಮ್ಮೆ ನಡೆದು ಬನ್ನಿ. ಅತಿ ತಗ್ಗಿನ ಜಾಗ ಮುಳುಗುವ ಮೊದಲೇ ನೀವು ಅದನ್ನು ದಾಟಿರಬೇಕು. ರಭಸವಾಗಿ ಹರಿಯುವ ನೀರು ಬರೀ 15 ಸೆಂಟಿಮೀಟರ್ ಇದ್ದರೂ, ಅಂದರೆ ಒಂದು ಗೇಣಿಗಿಂತ ಕಡಿಮೆ, ದೊಡ್ಡವರನ್ನೂ ಬೀಳಿಸಬಲ್ಲದು. 30 ಸೆಂಟಿಮೀಟರಿಗೆ ಸಣ್ಣ ಕಾರು ತೇಲಬಹುದು. 60ಕ್ಕೆ ದೊಡ್ಡ ಗಾಡಿಗಳೂ ಕೊಚ್ಚಿಹೋಗುತ್ತವೆ. ನೀರಿನಡಿ ರಸ್ತೆ ಇದೆಯೋ ಕುಸಿದಿದೆಯೋ ಅಂತ ಕಾಣುವುದೂ ಇಲ್ಲ.

ಕರೆಂಟ್ ತೆಗೆಯುವಾಗ ಒಂದು ಸಂಗತಿ ಹಲವರಿಗೆ ಮರೆತುಹೋಗುತ್ತದೆ. ಮೇನ್ ಸ್ವಿಚ್ ತೆಗೆದರೂ ಇನ್ವರ್ಟರ್ ತನ್ನ ಪಾಡಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಅದನ್ನು ಬೇರೆಯಾಗಿ ಆಫ್ ಮಾಡಬೇಕು. ಅದರ ಬ್ಯಾಟರಿ ನೆಲದ ಮೇಲಿದ್ದರೆ ಇವತ್ತೇ ಎತ್ತರಕ್ಕೆ ಸರಿಸಿ. ನೀರು ಆಗಲೇ ಒಳಗೆ ಬಂದಿದ್ದರೆ, ಅದರಲ್ಲಿ ನಿಂತು ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿ, ಸಿಲಿಂಡರನ್ನು ಕಟ್ಟಿಹಾಕಿ. ಅದು ತೇಲುತ್ತದೆ.

ಬ್ಯಾಗಿನ ಪಟ್ಟಿ ಎಲ್ಲರಿಗೂ ಗೊತ್ತಿರುವುದೇ: ಟಾರ್ಚ್, ಪವರ್ ಬ್ಯಾಂಕ್, ದಿನಾ ನುಂಗುವ ಮಾತ್ರೆ, ಜಿಪ್ ಕವರಿನಲ್ಲಿ ಕಾಗದಪತ್ರ. ಕುಡಿಯುವುದಕ್ಕೂ ಅಡುಗೆಗೂ ಸೇರಿ ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್ ನೀರು ಬೇಕು. 3 ದಿನಕ್ಕಾಗುವಷ್ಟು ಮುಚ್ಚಳದ ಕ್ಯಾನಿನಲ್ಲಿ ತುಂಬಿಡಿ. ಸಂಪಿನಲ್ಲಿ ಇದೆಯಲ್ಲ ಅನ್ನಬೇಡಿ, ಮೊದಲು ಕೊಳಕಾಗುವುದೇ ಅದು.

ನೀರು ಇಳಿದ ಮೇಲೆ ಗುಡಿಸುವ ಮೊದಲು ಫೋಟೊ ತೆಗೆಯಿರಿ, ವಿಮೆ ಇದ್ದರೆ ಬೇಕಾಗುತ್ತದೆ. ಬೂಟು ಹಾಕಿಕೊಂಡೇ ಒಳಗೆ ಹೋಗಿ, ಕಪಾಟಿನ ಹಿಂದೆ ಕೋಲಾಡಿಸಿ ನೋಡಿ. ಒಣಗಿದ ಜಾಗ ಹುಡುಕಿಕೊಂಡು ಹಾವೂ ಬಂದಿರುತ್ತದೆ. ಎಲೆಕ್ಟ್ರೀಷಿಯನ್ ನೋಡುವ ತನಕ ಮೇನ್ ಹಾಕಬೇಡಿ. ಕಾರು ಮುಳುಗಿದ್ದರೆ, ಶುರು ಆಗುತ್ತಾ ನೋಡೋಣ ಅಂತ ಸುಮ್ನೆ ಕೀ ತಿರುಗಿಸಲೂಬೇಡಿ. ಎಂಜಿನ್ನಿನ ಸಿಲಿಂಡರಿನೊಳಗೆ ನೀರಿದ್ದರೆ ಒಂದೇ ಸುತ್ತಿಗೆ ಅದರ ರಾಡ್ ಬಗ್ಗಿಹೋಗಬಹುದು. ಮೆಕ್ಯಾನಿಕ್ ಬರಲಿ, ಎಳೆದುಕೊಂಡು ಹೋಗಲಿ.