ಸ್ಪ್ಯಾನಿಷ್ ಕ್ರಿಯಾಪದ: ಎಲ್ಲಿ ಬಿಡಿಸಬೇಕು, ಎಲ್ಲಿ ಒತ್ತಬೇಕು?

‘ಆಬ್ಲೊ’ ಎಂದರೆ ‘ಮಾತನಾಡುತ್ತೇನೆ’. ಅದರ ಕೊನೆಯನ್ನು ಒತ್ತಿದರೆ ‘ಅವನು ಮಾತನಾಡಿದ’ ಎಂದಾಗುತ್ತದೆ. ಒತ್ತು ಜಾರಿದರೆ ಕರ್ತೃವೂ ಕಾಲವೂ ಒಟ್ಟಿಗೇ ಬದಲಾಗುತ್ತವೆ. ಶಾಲೆಯಲ್ಲಿ ಗುರು-ಲಘು ಹಾಕಿ ಪಳಗಿದ ನಮ್ಮವರು ಇಲ್ಲಿಯೂ ಮಾತ್ರೆ ಎಣಿಸಲು ಹೊರಡುತ್ತಾರೆ. ಅದು ಬೇಡ.

ಮೊದಲು ಪದವನ್ನು ರೋಮನ್ ಲಿಪಿಯಲ್ಲಿ, ತಿಲ್ದೆ ಸಮೇತ ಬರೆದುಕೊಳ್ಳಿ. ತಿಲ್ದೆ ಎಂದರೆ ಸ್ವರದ ತಲೆಯ ಮೇಲಿನ ಓರೆಗೀಟು. ಅದನ್ನು ನುಂಗಿಹಾಕುವ ಕೈಪಿಡಿಗಳನ್ನು ಕೊಳ್ಳಲೇಬೇಡಿ.

ಆಮೇಲೆ ಪದವನ್ನು ಉಚ್ಚಾರದ ತುಂಡುಗಳಾಗಿ ಬಿಡಿಸಿ. ಸ್ವರಗಳ ನಡುವಿನ ಒಂಟಿ ವ್ಯಂಜನ ಮುಂದಿನ ಸ್ವರಕ್ಕೆ ಸೇರುತ್ತದೆ. ಎರಡಿದ್ದರೆ ಬಿಡಿಸಿ: ಕಾನ್-ತೊ. ಬ್ಲ, ಬ್ರ, ತ್ರದಂಥ ಜೋಡಿಗಳನ್ನು ಮಾತ್ರ ಮುಟ್ಟಬೇಡಿ: ಆ-ಬ್ಲೊ.

ಎಡವುವುದು ಸ್ವರಗಳು ಅಕ್ಕಪಕ್ಕ ನಿಂತಾಗ. ಅ, ಎ, ಒ ಪ್ರಬಲ. ಇ, ಉ ದುರ್ಬಲ. ಎರಡು ಪ್ರಬಲ ಸ್ವರಗಳು ಬೇರೆಬೇರೆಯೇ: ‘ಓದುವುದು’ ಎಂಬ ಪದ ಲೆ-ಎರ್. ದುರ್ಬಲ ಸ್ವರ ಪಕ್ಕದ್ದಕ್ಕೆ ಅಂಟಿಕೊಳ್ಳುತ್ತದೆ: ‘ಬದಲಿಸುತ್ತೇನೆ’ ಎಂಬುದು ಕಾಮ್-ಬ್ಯೊ (cambio), ಎರಡೇ ತುಂಡು. ಪ್ರಬಲದ ಪಕ್ಕದ ದುರ್ಬಲ ಸ್ವರದ ಮೇಲೆ ಗೀಟಿದ್ದರೆ ಮಾತ್ರ ಅಂಟು ಬಿಡುತ್ತದೆ. ‘ತಿನ್ನುತ್ತಿದ್ದ’ ಎಂಬ ರೂಪದಲ್ಲಿ ಗೀಟು ಇ ಮೇಲಿದೆ: ಕೊ-ಮಿ-ಅ, ಮೂರು ತುಂಡು, ಒತ್ತು ಮಿ ಮೇಲೆ. ‘ತಿಂದ’ ಎಂಬಲ್ಲಿ ಗೀಟು ಒ ಮೇಲೆ: ಕೊ-ಮ್ಯೊ, ಎರಡೇ ತುಂಡು, ಒತ್ತು ಮ್ಯೊ ಮೇಲೆ. ಗೀಟು ಕಂಡೊಡನೆ ಸ್ವರಗಳನ್ನು ಸೀಳುವವರನ್ನು ಬಹಳ ನೋಡಿದ್ದೇನೆ. ಅದು ಯಾವ ಸ್ವರದ ಮೇಲಿದೆ ಎಂದು ಬೆರಳಿಟ್ಟು ನೋಡಿ, ಆಮೇಲೆ ಬಿಡಿಸಿ. ಪುಸ್ತಕದ ಸಾಲಿನ ತುದಿಯಲ್ಲಿ ಪದ ಮುರಿದದ್ದನ್ನು ನೋಡಿ ಕಲಿಯುವ ಅಡ್ಡದಾರಿಯೂ ಬೇಡ. ಅಲ್ಲಿ ಅಕ್ಕಪಕ್ಕದ ಸ್ವರಗಳನ್ನು ಬೇರ್ಪಡಿಸುವುದೇ ಇಲ್ಲ, ಲೆ-ಎರ್ ಕೂಡ ಅಖಂಡವಾಗಿರುತ್ತದೆ.

ಇನ್ನು ಒತ್ತು. ಗೀಟಿದ್ದಲ್ಲಿ ಒತ್ತು. ಗೀಟಿಲ್ಲದೆ ಪದ ಸ್ವರದಿಂದಲೋ ನ್, ಸ್‌ಗಳಿಂದಲೋ ಮುಗಿದರೆ ಕೊನೆಯದರ ಹಿಂದಿನ ತುಂಡಿಗೆ. ಉಳಿದೆಲ್ಲ ಕಡೆ ಕೊನೆಯ ತುಂಡಿಗೆ. ‘ಮಾತನಾಡುತ್ತಾರೆ’ ಎಂಬ ಆ-ಬ್ಲನ್‌ನಲ್ಲಿ ಆ ಮೇಲೆ, ‘ಮಾತನಾಡುವುದು’ ಎಂಬ ಆ-ಬ್ಲರ್‌ನಲ್ಲಿ ಬ್ಲರ್ ಮೇಲೆ. ‘ಇದ್ದೇನೆ’ ಎಂಬ ಎಸ್-ತೊಯ್ ಕೊನೆಯ ಯ್ ಸ್ವರದಂತೆ ಕೇಳಿಸಿದರೂ ವ್ಯಂಜನದ ಲೆಕ್ಕಕ್ಕೇ ಸೇರುತ್ತದೆ. ಒತ್ತು ತೊಯ್ ಮೇಲೆ. ಹಳೆಯ ಪುಸ್ತಕದಲ್ಲಿ ‘ಕೊಟ್ಟ’ ಎಂಬರ್ಥದ ದ್ಯೊ ಮೇಲೆ ಗೀಟು ಕಂಡರೆ ಗಾಬರಿಯಾಗಬೇಡಿ, 1959ರಿಂದ ಅದನ್ನು ಕೈಬಿಡಲಾಗಿದೆ.

ಸರ್ವನಾಮ ಬಂದು ಅಂಟಿದರೂ ಕ್ರಿಯಾಪದ ತನ್ನ ಒತ್ತನ್ನು ಬಿಟ್ಟುಕೊಡುವುದಿಲ್ಲ. ‘ಹೇಳು’ ಎಂಬ ದಿ ಒಂದೇ ತುಂಡು, ಗೀಟಿಲ್ಲ. ‘ಅದನ್ನು ನನಗೆ ಹೇಳು’ ಎನ್ನುವಾಗ ಅದು ದಿ-ಮೆ-ಲೊ ಆಗುತ್ತದೆ. ಒತ್ತು ಮೆ ಮೇಲೆ ಜಾರದಂತೆ ದಿಯ ಇ ಮೇಲೆ ಗೀಟು ಬೀಳುತ್ತದೆ.