ಹೊಸ ಮೆಟಲ್ ಡಿಟೆಕ್ಟರ್: ಪರದೆ ಬಿಟ್ಟು ಸದ್ದು ಕೇಳಲು ಕಲಿತ ನನ್ನ ಅನುಭವ

ಮೆಟಲ್ ಡಿಟೆಕ್ಟರ್ ಕೊಂಡವರು ಮೊದಲು ಏನು ಮಾಡುತ್ತಾರೆ ಅಂತ ಗೊತ್ತೇ ಇದೆ. ಚಾರ್ಜ್ ಆಗುವುದಕ್ಕೂ ಕಾಯದೆ ಬಯಲಿಗೆ ಹೋಗಿ, ಬೀಪ್ ಅಂದಲ್ಲೆಲ್ಲ ಅಗೆಯುತ್ತಾರೆ. ನಾನು ಬೇರೆ ದಾರಿ ಹಿಡಿದೆ. ಮೊದಲ ಕೆಲವು ದಿನ ಮೆಷಿನ್ನನ್ನು ಬಯಲಿಗೆ ಒಯ್ಯಲೇ ಇಲ್ಲ. ಮರದ ಮೇಜಿನ ಅಂಚಿನಲ್ಲಿ ಕಾಯಿಲ್ (ಹಿಡಿಕೆಯ ತುದಿಯಲ್ಲಿರುವ, ನೆಲದ ಮೇಲೆ ಆಡಿಸುವ ತಟ್ಟೆ) ನಿಲ್ಲಿಸಿ, ಕೈಗೆ ಸಿಕ್ಕ ಲೋಹದ ಚೂರುಗಳನ್ನೆಲ್ಲ ಅದರ ಮುಂದೆ ಆಡಿಸುತ್ತಾ ಕೂತೆ. ನೋಡಿದವರಿಗೆ ತಮಾಷೆ ಅನ್ನಿಸಿರಬಹುದು. ಆದರೆ ಆಮೇಲೆ ನನ್ನ ಉಪಯೋಗಕ್ಕೆ ಬಂದ ವಿದ್ಯೆಯಲ್ಲಿ ಮುಕ್ಕಾಲು ಪಾಲು ಅಲ್ಲೇ ಕಲಿತದ್ದು.

ಮೇಜು ಅಂದಾಗ ಒಂದು ಮಾತು. ಅದರಲ್ಲಿ ಮೊಳೆ, ಸ್ಕ್ರೂ ಇರಬಾರದು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ಮೈಯೊಳಗೆ ಸಿಕ್ಕಿಕೊಂಡಿದ್ದ ಗುಂಡನ್ನು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದೇ ಬಗೆಯ ಸಾಧನ ತಂದಿದ್ದರು. ಗುಂಡು ಸಿಗಲಿಲ್ಲ. ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳು ಸಿಗ್ನಲ್ ಕೆಡಿಸಿದವು ಅನ್ನುತ್ತಾರೆ. ಜೊತೆಗೆ ವೈದ್ಯರು ಹುಡುಕಲು ಹೇಳಿದ ಕಡೆಯೂ ತಪ್ಪಾಗಿತ್ತು. ಬೆಲ್ ಅವರಿಗೇ ಹಾಗಾದರೆ ನಮ್ಮ ಪಾಡೇನು! ಕಾಂಕ್ರೀಟ್ ನೆಲದೊಳಗಿನ ಸರಳೂ ಇದೇ ಕಾಟ ಕೊಡುತ್ತದೆ. ವೈಫೈ, ಟಿವಿ, ಎಲ್‌ಇಡಿ ದೀಪ, ಜೇಬಿನ ಮೊಬೈಲ್, ಇವುಗಳದ್ದು ಇನ್ನೊಂದು ಬಗೆಯ ತೊಂದರೆ. ಮನೆಯೊಳಗೆ ಮೆಷಿನ್ ಸುಮ್ನೆ ಕಿರುಚುತ್ತಿದ್ದರೆ ಅದು ಕೆಟ್ಟಿದೆ ಅಂತ ಗಾಬರಿ ಬೀಳಬೇಕಾಗಿಲ್ಲ. ಹೊರಗೆ ಒಯ್ದು ನೋಡಿ, ಹೆಚ್ಚಿನಂಶ ಸುಮ್ಮನಾಗುತ್ತದೆ.

ಸದ್ದಿನ ವಿಷಯಕ್ಕೆ ಬರುವ ಮೊದಲು ಈ ಮೆಷಿನ್ ಏನು ಮಾಡುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಕಾಯಿಲ್ ಒಳಗೆ ಎರಡು ತಂತಿ ಸುರುಳಿಗಳಿರುತ್ತವೆ. ಒಂದು ಸುರುಳಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ನೆಲಕ್ಕೆ ಬಿಡುತ್ತದೆ. ಅಲ್ಲಿ ಲೋಹವಿದ್ದರೆ ಅದರೊಳಗೆ ಸಣ್ಣ ಸುಳಿ ಕರೆಂಟ್ ಹುಟ್ಟುತ್ತದೆ. ಆ ಕರೆಂಟಿಗೆ ಅದರದ್ದೇ ಕಾಂತಕ್ಷೇತ್ರ ಇರುತ್ತದೆ. ಅದನ್ನು ಎರಡನೇ ಸುರುಳಿ ಹಿಡಿಯುತ್ತದೆ. ವಾಪಸು ಬರುವ ಸಿಗ್ನಲ್ ಸ್ವಲ್ಪ ತಡವಾಗಿ ಬರುತ್ತದೆ, ಎಷ್ಟು ತಡ ಅನ್ನುವುದೇ ಪರದೆಯ ಮೇಲೆ ನಂಬರ್ ಆಗಿ ಕಾಣುತ್ತದೆ. ಕರೆಂಟ್ ಸಲೀಸಾಗಿ ಹರಿಯುವ ದಪ್ಪ ಬೆಳ್ಳಿ, ತಾಮ್ರಕ್ಕೆ ದೊಡ್ಡ ನಂಬರ್. ತೆಳ್ಳನೆಯ ಫಾಯಿಲ್ ಚೂರಿಗೆ ಚಿಕ್ಕದು. ಕಬ್ಬಿಣ ಎಲ್ಲಕ್ಕಿಂತ ಕೆಳಗೆ.

ಇಲ್ಲಿಯೇ ಹೊಸಬರು ಎಡವುವುದು. ನಂಬರ್ ನೋಡಿದರೆ ಲೋಹ ಯಾವುದೆಂದು ಗೊತ್ತಾಗುತ್ತದೆ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಲೋಹದ ಜೊತೆಗೆ ಅದರ ಗಾತ್ರ, ದಪ್ಪ, ಆಕಾರ, ಮಲಗಿದೆಯೋ ನಿಂತಿದೆಯೋ ಅನ್ನುವುದೂ ಆ ನಂಬರಿನಲ್ಲಿ ಸೇರಿಕೊಂಡಿರುತ್ತದೆ. ಮೇಜಿನ ಮುಂದೆ ನಾನು ತೆಳ್ಳನೆಯ ಚಿನ್ನದ ಉಂಗುರ ಆಡಿಸಿದೆ. ನಂಬರ್ ನೆನಪಿಟ್ಟುಕೊಂಡೆ. ಆಮೇಲೆ ಮಾತ್ರೆಯ ಪೊಟ್ಟಣದ ಫಾಯಿಲನ್ನು ಮಡಚಿ ಆಡಿಸಿದೆ. ಹೆಚ್ಚುಕಮ್ಮಿ ಅದೇ ನಂಬರ್. ಇನ್ನೊಂದು ದಪ್ಪ ಉಂಗುರ ಹಿಡಿದರೆ ಪಾನೀಯದ ಡಬ್ಬಿಯ ಮುಚ್ಚಳದ ಕೊಂಡಿ ಬರುವ ಜಾಗಕ್ಕೇ ಬಂತು. ಅಂದರೆ ಕಸದ ನಂಬರುಗಳನ್ನೆಲ್ಲ ತೆಗೆದುಹಾಕಿದರೆ ಅದರ ಜೊತೆ ಚಿನ್ನವೂ ಹೋಯಿತು, ಅಷ್ಟೇ. ಇದನ್ನು ಓದಿ ತಿಳಿಯುವುದಕ್ಕಿಂತ ಒಂದು ಸಲ ಕಣ್ಣಾರೆ ನೋಡುವುದು ವಾಸಿ.

ಹಾಗಾಗಿ ಡಿಸ್ಕ್ರಿಮಿನೇಶನ್ ಅನ್ನು, ಅಂದರೆ ಬೇಡದ ನಂಬರುಗಳ ಸದ್ದನ್ನು ಮುಚ್ಚುವ ಸೆಟ್ಟಿಂಗನ್ನು, ಪೂರ್ತಿ ಸೊನ್ನೆಗಿಳಿಸಿ ಶುರುಮಾಡಿದೆ. ಕಬ್ಬಿಣದ ಸದ್ದನ್ನು ಮುಚ್ಚಲಿಲ್ಲ, ಅದಕ್ಕೆ ಗುರ್ ಅನ್ನುವ ತಗ್ಗು ದನಿ ಕೊಟ್ಟು ಬಿಟ್ಟೆ. ಕಿವಿಗೆ ಸ್ವಲ್ಪ ಕಿರಿಕಿರಿ, ನಿಜ. ಆದರೆ ನೆಲದಲ್ಲಿ ಏನೇನಿದೆ ಅಂತ ಪೂರ್ತಿ ಕೇಳಿಸುತ್ತದೆ. ಒಂದು ಜಾಗದಲ್ಲಿ ಮೊಳೆಗಳ ಗುರ್ ಜಾಸ್ತಿ ಇದ್ದರೆ ಅಲ್ಲಿ ಹಿಂದೆ ಮನೆಯೋ ಕೊಟ್ಟಿಗೆಯೋ ಇದ್ದಿರಬಹುದು. ಜನ ಓಡಾಡಿದ ಜಾಗದಲ್ಲೇ ನಾಣ್ಯ ಬೀಳುವುದಲ್ವಾ?

ಇನ್ನು ಮೊಳೆ ಮತ್ತು ನಾಣ್ಯದ ಪ್ರಯೋಗ. ಹೊಸ ಮೆಷಿನ್ ತಂದವರೆಲ್ಲ ಇದನ್ನು ಒಮ್ಮೆ ಮಾಡಿ ನೋಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಒಂದು ಮರದ ಹಲಗೆಯ ಮೇಲೆ ತುಕ್ಕು ಹಿಡಿದ ಮೊಳೆಯೊಂದನ್ನು ಅಂಟಿಸಿದೆ. ಅದರಿಂದ ಎರಡು ಬೆರಳು ದೂರದಲ್ಲಿ ತಾಮ್ರದ ನಾಣ್ಯ. ಹಲಗೆಯನ್ನು ಹುಲ್ಲಿನ ಮೇಲಿಟ್ಟು, ಮೊಳೆ ಮುಂದೆ, ನಾಣ್ಯ ನನ್ನ ಕಡೆಗೆ ಬರುವ ಹಾಗೆ ನಿಂತು ಕಾಯಿಲ್ ಬೀಸಿದೆ. ಕೇಳಿಸಿದ್ದು ಗುರ್, ಅದರ ಬಾಲದಲ್ಲಿ ಅರ್ಧಕ್ಕೆ ತುಂಡಾದ ಒಂದು ಕೀಚಲು. ನಂಬರ್ ಅತ್ತಿಂದಿತ್ತ ಹಾರುತ್ತಿತ್ತು. ಆಮೇಲೆ ಹಲಗೆಯನ್ನು ಕಾಲು ಸುತ್ತು ತಿರುಗಿಸಿದೆ. ಈಗ ಮೊಳೆ ಎಡಕ್ಕೆ, ನಾಣ್ಯ ಬಲಕ್ಕೆ. ಬೀಸಿದರೆ ಗುರ್, ಟಿಂಗ್. ಎರಡೂ ಬೇರೆ ಬೇರೆ, ಸ್ಪಷ್ಟ. ನನ್ನದು ಡಬಲ್ ಡಿ ಕಾಯಿಲ್, ಅಂದರೆ ಒಳಗಿನ ಎರಡು ಸುರುಳಿಗಳೂ ಇಂಗ್ಲಿಷಿನ D ಆಕಾರದವು. ಅದರ ಕ್ಷೇತ್ರ ಹಿಂದಿನಿಂದ ಮುಂದಕ್ಕೆ ಉದ್ದ, ಅಗಲದಲ್ಲಿ ಕಿರಿದು. ಮೊದಲ ಸಲ ಮೊಳೆ ಮತ್ತು ನಾಣ್ಯ ಎರಡೂ ಒಟ್ಟಿಗೆ ಅದರ ಅಡಿಗೆ ಬಂದವು, ಎರಡನೇ ಸಲ ಒಂದಾದ ಮೇಲೆ ಒಂದು. ಆವತ್ತಿನಿಂದ ಅನುಮಾನದ ಸದ್ದು ಬಂದಾಗಲೆಲ್ಲ ಕಾಲು ಸುತ್ತು ತಿರುಗಿ ನಿಂತು ಮತ್ತೆ ಬೀಸುತ್ತೇನೆ. ಎರಡು ದಿಕ್ಕಿನಿಂದಲೂ ಒಂದೇ ಸದ್ದು ಬಂದರೆ ಅಗೆಯುವುದು ಖಂಡಿತ. ಒಂದೇ ದಿಕ್ಕಿನಲ್ಲಿ ಚೆನ್ನಾಗಿದ್ದರೂ ಅಗೆಯುತ್ತೇನೆ, ಮೊಳೆ ಸಿಗಬಹುದು ಅಂತ ಮನಸ್ಸು ಗಟ್ಟಿ ಮಾಡಿಕೊಂಡು.

ಬಯಲಿಗೆ ಇಳಿದ ಮೇಲೆ ಮೊದಲ ಕೆಲಸ ಗ್ರೌಂಡ್ ಬ್ಯಾಲೆನ್ಸ್. ಮಣ್ಣಿನಲ್ಲೂ ಕಬ್ಬಿಣದ ಅಂಶ ಇರುತ್ತದೆ. ಕೆಂಪು ಮಣ್ಣು, ಕಪ್ಪು ಮರಳಿನಲ್ಲಿ ಇನ್ನೂ ಜಾಸ್ತಿ. ಅದರ ಸಿಗ್ನಲನ್ನು ಲೆಕ್ಕಕ್ಕೆ ಹಿಡಿಯಬೇಡ ಅಂತ ಮೆಷಿನ್ನಿಗೆ ಹೇಳಿಕೊಡುವುದೇ ಈ ಕೆಲಸ. ಲೋಹ ಇಲ್ಲದ ಜಾಗ ಹುಡುಕಿ, ಬಟನ್ ಒತ್ತಿ ಹಿಡಿದು, ಕಾಯಿಲನ್ನು ನೆಲದಿಂದ ಒಂದಡಿ ಎತ್ತರಕ್ಕೂ ಎರಡು ಮೂರು ಸೆಂಟಿಮೀಟರಿಗೂ ಮೇಲೆ ಕೆಳಗೆ ಆಡಿಸಬೇಕು. ಎತ್ತಿದರೂ ಇಳಿಸಿದರೂ ಸದ್ದು ಬದಲಾಗದಿದ್ದರೆ ಸರಿಯಾಯಿತು. ಮಣ್ಣಿನ ಬಣ್ಣ ಬದಲಾದ ಕಡೆ, ಒಣ ನೆಲದಿಂದ ಒದ್ದೆ ನೆಲಕ್ಕೆ ಹೋದ ಕಡೆ ಮತ್ತೆ ಮಾಡುತ್ತೇನೆ. ಮೆಷಿನ್ನೇ ತಾನಾಗಿ ಹೊಂದಿಸಿಕೊಳ್ಳುವ ಟ್ರ್ಯಾಕಿಂಗ್ ಸೌಲಭ್ಯವೂ ಇದೆ. ನನಗೆ ಅದು ಇಷ್ಟವಿಲ್ಲ. ಆಳದ ಸಣ್ಣ ಸಿಗ್ನಲ್ ಮೇಲೆ ಮತ್ತೆ ಮತ್ತೆ ಬೀಸುತ್ತಿದ್ದರೆ ಅದನ್ನೂ ಮಣ್ಣೇ ಅಂದುಕೊಂಡು ಅಳಿಸಿಬಿಡಬಹುದು.

ಸೆನ್ಸಿಟಿವಿಟಿ, ಅಂದರೆ ಮೆಷಿನ್ ಎಷ್ಟು ಸಣ್ಣ ಸಿಗ್ನಲಿಗೂ ದನಿ ಎತ್ತಬೇಕು ಅನ್ನುವ ಸೆಟ್ಟಿಂಗ್ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ಎಲ್ಲರೂ ಅದನ್ನು ತುದಿಗೇರಿಸುತ್ತಾರೆ. ಸಣ್ಣ ವಸ್ತುವಿನಿಂದ ವಾಪಸು ಬರುವ ಸಿಗ್ನಲ್ ದೂರ ಹೆಚ್ಚಿದ ಹಾಗೆ ಸಿಕ್ಕಾಪಟ್ಟೆ ಬೇಗ ಕುಗ್ಗುತ್ತದೆ. ದೂರ ಎರಡು ಪಟ್ಟಾದರೆ ಸಿಗ್ನಲ್ ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಿರುವಾಗ ಸೆನ್ಸಿಟಿವಿಟಿ ನಾಲ್ಕು ಮೆಟ್ಟಿಲು ಏರಿಸಿದರೆ ಸಿಗುವ ಆಳ ಅಷ್ಟಕ್ಕಷ್ಟೇ. ಗಲಾಟೆ ಮಾತ್ರ ಧಾರಾಳವಾಗಿ ಸಿಗುತ್ತದೆ. ಆ ಗಲಾಟೆಯಲ್ಲಿ ಆಳದ ನಾಣ್ಯದ ಮೆಲುದನಿ ಮುಚ್ಚಿಹೋಗುತ್ತದೆ. ನಾನು ಕಾಯಿಲನ್ನು ನೆಲಕ್ಕೆ ಹತ್ತಿರ ಅಲುಗಾಡದಂತೆ ಹಿಡಿದು, ಮೆಷಿನ್ ಪೂರ್ತಿ ಮೌನವಾಗುವವರೆಗೆ ಸೆನ್ಸಿಟಿವಿಟಿ ಇಳಿಸುತ್ತೇನೆ. ಕರೆಂಟ್ ತಂತಿ ಹತ್ತಿರವಿದ್ದರೆ ಮೊದಲು ಫ್ರೀಕ್ವೆನ್ಸಿಯ ಚಾನೆಲ್ ಬದಲಿಸಿ ನೋಡುತ್ತೇನೆ, ಆಮೇಲೆ ಇಳಿಸುತ್ತೇನೆ. ಮೊಬೈಲ್ ಏರೋಪ್ಲೇನ್ ಮೋಡಿನಲ್ಲಿ.

ಇದೇ ಲೆಕ್ಕ ಬೀಸುವುದಕ್ಕೂ ಅನ್ವಯಿಸುತ್ತದೆ. ಕಾಯಿಲ್ ನೆಲದಿಂದ ಐದು ಸೆಂಟಿಮೀಟರ್ ಮೇಲಿದ್ದರೆ ಆ ಐದು ಸೆಂಟಿಮೀಟರ್ ಆಳ ಕೈಬಿಟ್ಟ ಹಾಗೆ. ಸಾಮಾನ್ಯ 11 ಇಂಚಿನ ಕಾಯಿಲ್ ಒಳ್ಳೆಯ ಮಣ್ಣಿನಲ್ಲಿ ನಾಣ್ಯದಷ್ಟು ವಸ್ತುವನ್ನು 20 ಸೆಂಟಿಮೀಟರ್ ಆಸುಪಾಸಿನವರೆಗೆ ಹಿಡಿಯಬಹುದು. ಅದರಲ್ಲಿ ಐದು ಹೋದರೆ ಕಾಲು ಭಾಗ ಹೋಯಿತು. ಎಲ್ಲರೂ ತೊಟ್ಟಿಲು ತೂಗಿದ ಹಾಗೆ ಬೀಸುತ್ತಾರೆ: ಮಧ್ಯದಲ್ಲಿ ನೆಲಕ್ಕೆ ತಾಗುತ್ತದೆ, ಎರಡೂ ತುದಿಯಲ್ಲಿ ಗಾಳಿಗೆ ಏರುತ್ತದೆ. ಇದನ್ನು ಸರಿಮಾಡಲು ಮೊದಲು ಹಿಡಿಕೆಯ ಉದ್ದ ಹೊಂದಿಸಿಕೊಂಡೆ. ನೆಟ್ಟಗೆ ನಿಂತಾಗ, ತೋಳು ಸಡಿಲವಿದ್ದಾಗ ಕಾಯಿಲ್ ನೆಲಕ್ಕೆ ಸಮವಾಗಿ ಮಲಗಬೇಕು. ಬಗ್ಗಬೇಕಾಗಿ ಬಂದರೆ ಹಿಡಿಕೆ ಗಿಡ್ಡವಾಯಿತು ಅಂತ ಅರ್ಥ. ಬೀಸುವ ಅಗಲವನ್ನೂ ಕಡಿಮೆ ಮಾಡಿದೆ. ಎಡದಿಂದ ಬಲಕ್ಕೆ ಎರಡು ಸೆಕೆಂಡ್, ಬಲದಿಂದ ಎಡಕ್ಕೆ ಎರಡು ಸೆಕೆಂಡ್. ಪ್ರತಿ ಬೀಸು ಹಿಂದಿನದರ ಅರ್ಧದ ಮೇಲಾದರೂ ಹಾಯಬೇಕು, ಯಾಕೆಂದರೆ ಕಾಯಿಲ್ ಇದ್ದಷ್ಟು ಅಗಲಕ್ಕೆ ಆಳದಲ್ಲಿ ಕೇಳಿಸುವುದಿಲ್ಲ. ಹೀಗೆ ಮಾಡಿದರೆ ನಡಿಗೆ ಆಮೆಯ ಹಾಗಾಗುತ್ತದೆ. ದೊಡ್ಡ ಬಯಲನ್ನು ಅರೆಬರೆ ನೋಡುವುದಕ್ಕಿಂತ ಒಂದು ಮೂಲೆಯನ್ನು ಸರಿಯಾಗಿ ನೋಡುವುದೇ ನನಗೆ ಇಷ್ಟ.

ಅಷ್ಟಾದ ಮೇಲೆ ಸದ್ದು. ಹೆಡ್‌ಫೋನ್ ಇಲ್ಲದೆ ಈಗ ನಾನು ಹೊರಡುವುದೇ ಇಲ್ಲ. ಸ್ಪೀಕರಿನಲ್ಲಿ ಜೋರು ಸದ್ದುಗಳಷ್ಟೇ ಕೇಳುತ್ತವೆ. ಆಳದ ಸಿಗ್ನಲ್ ಪಿಸುಮಾತಿನ ಹಾಗಿರುತ್ತದೆ, ಆದರೆ ಅಂಚು ನಯವಾಗಿರುತ್ತದೆ, ಪ್ರತಿ ಬೀಸಿಗೂ ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ಒಮ್ಮೆ ಬಂದು ಮತ್ತೆ ಬಾರದ ಸದ್ದನ್ನು ಬಿಟ್ಟು ಮುಂದೆ ಹೋಗುತ್ತೇನೆ. ಮೇಲ್ಮಟ್ಟದಲ್ಲೇ ಇರುವ ನಾಣ್ಯ ಡಬಲ್ ಡಿ ಕಾಯಿಲಿಗೆ ಎರಡೆರಡು ಸಲ ಬೀಪ್ ಅನ್ನಿಸಬಹುದು. ಕಾಯಿಲನ್ನು ಸ್ವಲ್ಪ ಎತ್ತಿದರೆ ಎರಡೂ ಕೂಡಿ ಒಂದಾಗುತ್ತವೆ. ಒಂದಡಿ ಎತ್ತಿದರೂ ಸದ್ದು ಕುಗ್ಗದೆ ಹಾಗೇ ಜೋರಾಗಿದ್ದರೆ ಕೆಳಗೆ ದೊಡ್ಡ ವಸ್ತು ಇದೆ. ಬಹುಮಟ್ಟಿಗೆ ಡಬ್ಬಿ.

ಎಲ್ಲಕ್ಕಿಂತ ಕಾಡಿದ್ದು ಬಾಟಲಿಯ ಕಬ್ಬಿಣದ ಮುಚ್ಚಳ. ಅದು ಕಬ್ಬಿಣವೇ ಆದರೂ ತೆಳ್ಳಗೆ, ಚಪ್ಪಟೆಯಾಗಿ, ದುಂಡಗಿರುವುದರಿಂದ ಒಳ್ಳೆಯ ನಾಣ್ಯದ ನಂಬರನ್ನೇ ತೋರಿಸುತ್ತದೆ. ಪರದೆ ನೋಡಿ ಅಗೆಯುವವರಿಗೆ ಇದರಿಂದ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಸದ್ದಿನಲ್ಲಿ ಮಾತ್ರ ಸುಳಿವು ಸಿಗುತ್ತದೆ. ಸಿಗ್ನಲ್ ಮೇಲೆ ಕಾಯಿಲನ್ನು ಚಿಕ್ಕದಾಗಿ ಅಲ್ಲಾಡಿಸುತ್ತಾ ನಿಧಾನಕ್ಕೆ ನನ್ನ ಕಡೆಗೆ ಎಳೆದುಕೊಳ್ಳುತ್ತೇನೆ. ವಸ್ತು ಕಾಯಿಲಿನ ಮುಂತುದಿಯಿಂದ ಆಚೆ ಹೋಗುವ ಹೊತ್ತಿಗೆ ಮುಚ್ಚಳದ ಸದ್ದು ಒಡೆದು ಗುರ್ ಅನ್ನತೊಡಗುತ್ತದೆ, ನಂಬರ್ ಕಬ್ಬಿಣದ ಕಡೆಗೆ ಬೀಳುತ್ತದೆ. ನಾಣ್ಯವಾದರೆ ಟಿಂಗ್ ಅನ್ನುತ್ತಲೇ ಕ್ಷೀಣಿಸಿ ನಿಲ್ಲುತ್ತದೆ. ನೂರಕ್ಕೆ ನೂರು ಸರಿ ಅನ್ನಲಾರೆ. ಆದರೂ ಇದನ್ನು ಕಲಿತ ಮೇಲೆ ಸುಮ್ನೆ ತೋಡುವ ಗುಂಡಿಗಳು ಬಹಳ ಕಡಿಮೆಯಾದವು.

ಕಿವಿ ಪಳಗಲು ಇನ್ನೊಂದು ಉಪಾಯ, ಅಂಗಳದಲ್ಲಿ ಪರೀಕ್ಷೆಯ ಪಾತಿ. ಮೊದಲು ಆ ಜಾಗದಲ್ಲಿದ್ದ ಲೋಹವನ್ನೆಲ್ಲ ಹುಡುಕಿ ತೆಗೆದೆ. ನಂತರ ಒಂದೇ ಬಗೆಯ ನಾಣ್ಯಗಳನ್ನು 5, 10, 15 ಸೆಂಟಿಮೀಟರ್ ಆಳದಲ್ಲಿ ಹೂತು, ಪಕ್ಕದಲ್ಲಿ ಒಂದು ಮೊಳೆ, ಒಂದು ಫಾಯಿಲ್ ಉಂಡೆ, ಅಂಚಿನ ಮೇಲೆ ನಿಲ್ಲಿಸಿದ ಒಂದು ನಾಣ್ಯ ಇಟ್ಟೆ. ಗುರುತಿಗೆ ಮರದ ಗೂಟ. ಸೆಟ್ಟಿಂಗ್ ಬದಲಿಸಿದಾಗಲೆಲ್ಲ ಇಲ್ಲಿಗೆ ಬಂದು ಕೇಳುತ್ತೇನೆ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸುವುದು, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಅಗೆಯುವುದಕ್ಕೆ ಬಂದರೆ, ಗುಂಡಿಯ ಗಾತ್ರ ನಿರ್ಧಾರವಾಗುವುದು ಪಿನ್‌ಪಾಯಿಂಟ್ ಮಾಡುವುದರಲ್ಲಿ. ಎಡಬಲ ಬೀಸಿ ಒಂದು ಗೆರೆ, ತಿರುಗಿ ನಿಂತು ಬೀಸಿ ಇನ್ನೊಂದು ಗೆರೆ. ಎರಡೂ ಸೇರುವ ಕಡೆ ವಸ್ತು. ಹುಲ್ಲನ್ನು ಲಾಳದ ಆಕಾರದಲ್ಲಿ ಕತ್ತರಿಸಿ, ಒಂದು ಬದಿಯ ಬೇರು ಬಿಡಿಸದೆ ಮಡಚುತ್ತೇನೆ. ಮಣ್ಣನ್ನು ಬಟ್ಟೆಯ ಮೇಲೆ ಹಾಕುತ್ತೇನೆ. ವಸ್ತು ಸಿಕ್ಕ ಮೇಲೆ ಗುಂಡಿಯ ಮೇಲೆ ಮತ್ತೊಮ್ಮೆ ಕಾಯಿಲ್ ಹಾಯಿಸದೆ ಮುಚ್ಚುವುದಿಲ್ಲ, ಮೊಳೆ ತೆಗೆದ ಮೇಲೆ ಅದರ ಕೆಳಗಿದ್ದ ನಾಣ್ಯ ಆಗಷ್ಟೇ ದನಿ ಎತ್ತುವುದುಂಟು. ಜಾಗದ ಯಜಮಾನರ ಒಪ್ಪಿಗೆ ಮೊದಲೇ ತೆಗೆದುಕೊಂಡಿರಬೇಕು. ಸಂರಕ್ಷಿತ ಸ್ಮಾರಕದ ಜಾಗಕ್ಕೆ ಹೋಗಲೇಬಾರದು. ಹಳೆಯ ವಸ್ತು ಸಿಕ್ಕರೆ ಅಲ್ಲಿನ ಕಾನೂನು ಏನು ಹೇಳುತ್ತದೆ ಅಂತ ಹೊರಡುವ ಮುಂಚೆಯೇ ತಿಳಿದಿರಬೇಕು.

ಫ್ರೀಕ್ವೆನ್ಸಿ, ಅಂದರೆ ಕಾಂತಕ್ಷೇತ್ರ ಸೆಕೆಂಡಿಗೆ ಎಷ್ಟು ಸಲ ಅತ್ತಿತ್ತ ಆಡುತ್ತದೆ ಅನ್ನುವುದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿ ಬಂದದ್ದು ಕಡಿಮೆ. 5 ಕಿಲೋಹರ್ಟ್ಸ್ ಆಸುಪಾಸಿನದ್ದು ದೊಡ್ಡ ಬೆಳ್ಳಿ, ತಾಮ್ರಕ್ಕೆ ಚೆನ್ನ. 20ರಿಂದ ಮೇಲಿನದ್ದು ಸಣ್ಣ, ತೆಳ್ಳನೆಯ ವಸ್ತುಗಳಿಗೆ. ಉಪ್ಪುನೀರಿನ ಒದ್ದೆ ಮರಳಿನಲ್ಲಿ ಮಾತ್ರ ಒಂದೇ ಫ್ರೀಕ್ವೆನ್ಸಿಯ ಮೆಷಿನ್ ಒದ್ದಾಡುತ್ತದೆ. ಅಲ್ಲಿ ಹಲವು ಫ್ರೀಕ್ವೆನ್ಸಿ ಬಳಸುವ ಮಲ್ಟಿ ಫ್ರೀಕ್ವೆನ್ಸಿ ಮೆಷಿನ್ ಅಥವಾ ಬಿಟ್ಟು ಬಿಟ್ಟು ಮಿಡಿತಗಳನ್ನು ಕಳಿಸುವ ಪಲ್ಸ್ ಇಂಡಕ್ಷನ್ ಮೆಷಿನ್ ಬೇಕು.

ಈಚೆಗೆ 6 ಇಂಚಿನ ಸಣ್ಣ ಕಾಯಿಲ್ ಹಾಕಿಕೊಂಡು, ದೊಡ್ಡದರಲ್ಲಿ ಬರೀ ಗುರ್ ಅನ್ನುತ್ತಿದ್ದ ಮೊಳೆ ತುಂಬಿದ ಜಾಗಗಳನ್ನೇ ಮತ್ತೆ ನೋಡುತ್ತಿದ್ದೇನೆ. ಆಳ ಕಡಿಮೆಯಾಯಿತು, ಆದರೆ ಮೊಳೆಗಳ ಸಂದಿಯಲ್ಲಿ ಕೇಳುವುದು ಸುಲಭವಾಯಿತು. ಕಾಯಿಲ್ ಬದಲಾದಾಗ ಗ್ರೌಂಡ್ ಬ್ಯಾಲೆನ್ಸ್ ಹೊಸದಾಗಿ ಮಾಡಬೇಕು. ಬೀಸಿನ ಮೇಲೆ ಬೀಸು ಇನ್ನೂ ಹತ್ತಿರ ಹತ್ತಿರ ಬರಬೇಕು. ಹಲಗೆ, ಮೊಳೆ, ನಾಣ್ಯದ ಪ್ರಯೋಗವನ್ನು ಇದರಲ್ಲೂ ಮಾಡಿದೆ. ಮೊಳೆಗೂ ನಾಣ್ಯಕ್ಕೂ ನಡುವೆ ಒಂದೇ ಬೆರಳು ಅಂತರವಿದ್ದರೂ ಟಿಂಗ್ ಬೇರೆಯಾಗಿ ಕೇಳಿಸಿತು.